ಶನಿವಾರ ಮುಗಿಯದ ಪಾಠ

ನಮ್ಮ ಮೇಷ್ಟ್ರ ಮೂಗಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಹುಟ್ಟಿನಿಂದ ಬಂದ ಮಚ್ಚೆಯಲ್ಲ, ಇದ್ದಿಲ ಮಸಿ. ಬೆಳಿಗ್ಗೆ ಶಿವಮೊಗ್ಗದ ರೈಲಿನಿಂದ ಇಳಿಯುವಾಗ ಅವರ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟವಾಗಿರುತ್ತಿತ್ತು. ಹಣೆಗೆ ವಿಭೂತಿ, ಮೈಮೇಲೆ ಮಡಿಕೆ ಮುರಿಯದ ಪಂಚೆ, ಹೆಗಲ ಮೇಲೆ ಬಿಳಿ ಶಲ್ಯ. ಶಾಲೆಯ ಗಂಟೆ ಹೊಡೆದು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮೂಗಿಗೆ ಮೊದಲನೇ ಚುಕ್ಕೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಲ್ಲ, ಕಿವಿ, ಪಂಚೆಯ ಮೇಲೆ ಐದು ಬೆರಳಿನ ಗುರುತು. ಯೋಚನೆ ಬಂದಾಗ ಮೂಗು ಉಜ್ಜಿಕೊಳ್ಳುವ ಅಭ್ಯಾಸ ಅವರಿಗೆ. ಹಾಗಾಗಿ ಮೂಗು ಎಷ್ಟು ಕಪ್ಪಾಗಿದೆ ಅಂತ ನೋಡಿಯೇ ಆ ದಿನದ ಪಾಠ ಎಷ್ಟು ಕಷ್ಟದ್ದು ಅಂತ ನಾವು ಹೇಳಿಬಿಡುತ್ತಿದ್ದೆವು. ಅವರ ಹೆಂಡತಿ ಆ ಪಂಚೆಗಳನ್ನು ಹ್ಯಾಗೆ ಒಗೆಯುತ್ತಿದ್ದರೋ, ಆ ತಾಯಿಗೆ ಇಲ್ಲಿಂದಲೇ ಒಂದು ನಮಸ್ಕಾರ.

ಶಾಲೆ ಅಂದರೆ ಏನೋ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸುತ್ತಮುತ್ತಲಿನ ಹಳ್ಳಿಯವರು, ತಮಿಳರು, ತೆಲುಗರು ಅಂತ ಜನ ಬಂದು ತುಂಬಿಕೊಳ್ಳುತ್ತಿದ್ದ ಕಾಲ ಅದು. ಅವರಿಗೆಂದು ಸಾಲುಸಾಲಾಗಿ ಕಟ್ಟಿದ ಮನೆಗಳಿಗೆ ಲೈನು ಅನ್ನುತ್ತಿದ್ದೆವು. ಲೈನಿನ ಕೊನೆಯಲ್ಲಿ ಇದ್ದಿಲು ತುಂಬಿಡುತ್ತಿದ್ದ ಒಂದು ಹಳೇ ಶೆಡ್ಡಿತ್ತು. ಅದನ್ನೇ ಗುಡಿಸಿ, ಸುಣ್ಣ ಬಳಿದು, ಶಾಲೆ ಅಂತ ಕರೆದರು. ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ಎಲ್ಲರೂ ಅದೇ ಶೆಡ್ಡಿನಲ್ಲಿ, ಎಲ್ಲರಿಗೂ ಅವರೊಬ್ಬರೇ ಮೇಷ್ಟ್ರು. ಕರಿಹಲಗೆ ಇತ್ತು, ಆದರೆ ಅದರ ನಡುವೆ ಸೀಳುಬಿಟ್ಟಿತ್ತು. ಸೀಮೆಸುಣ್ಣ ಯಾವಾಗಲೋ ಬರುತ್ತಿತ್ತು, ಬಂದದ್ದು ಯಾವಾಗಲೋ ಮುಗಿಯುತ್ತಿತ್ತು. ಇದ್ದಿಲಿಗೆ ಮಾತ್ರ ನಮ್ಮಲ್ಲಿ ಬರವಿರಲಿಲ್ಲ. ಶೆಡ್ಡಿನ ಮೂಲೆ ಕೆರೆದರೆ ಸಾಕು, ಚೂರು ಸಿಗುತ್ತಿತ್ತು. ಮೇಷ್ಟ್ರು ಹಲಗೆಯ ಸಹವಾಸವೇ ಬೇಡ ಅಂತ ಬಿಳಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯಲು ಶುರುಮಾಡಿದರು.

ಆ ಗೋಡೆಗೊಂದು ನೇಮವಿತ್ತು. ಬರೆದದ್ದನ್ನು ಒರೆಸುವ ಹಾಗಿರಲಿಲ್ಲ, ಒರೆಸಿದರೆ ಗೋಡೆಯೆಲ್ಲ ಮಸಿ ಮೆತ್ತುತ್ತಿತ್ತು. ಆದ್ದರಿಂದ ಒಂದು ಪಾಠ ಪೂರ್ತಿ ಮುಗಿದ ಮೇಲೆ ಅದರ ಮೇಲೆ ಸುಣ್ಣ ಬಳಿಯಬೇಕು. ಸುಣ್ಣ ಬಿತ್ತು ಅಂದರೆ ಪಾಠ ಮುಗಿಯಿತು ಅಂತ. ಅಲ್ಲಿಯವರೆಗೆ ಆ ವಾರದ ಪಾಠ ಗೋಡೆಯ ಮೇಲೆ ಹಾಗೇ ಇರುತ್ತಿತ್ತು. ಶೆಡ್ಡಿನ ಬಾಗಿಲು ದಾರಿಗೇ ತೆರೆದುಕೊಂಡಿದ್ದರಿಂದ, ಪಾಳಿಗೆ ಹೋಗುವವರು, ಪಾಳಿ ಮುಗಿಸಿ ಬರುವವರು, ನೀರಿಗೆ ಹೋಗುವ ಹೆಂಗಸರು, ಎಲ್ಲರೂ ಅತ್ತ ಒಂದು ಕಣ್ಣು ಹಾಯಿಸಿಯೇ ಹೋಗುತ್ತಿದ್ದರು. ‘ಈ ವಾರ ಹುಡುಗ್ರಿಗೆ ಕಾಲು, ಅರೆ, ಮುಕ್ಕಾಲು ನಡೀತಿದೆ ಕಣೋ’ ಅಂತ ಓದು ಬಂದವನು ಬಾರದವನಿಗೆ ಹೇಳುತ್ತಿದ್ದ. ಲೈನಿನಲ್ಲಿ ಅದೂ ಒಂದು ಸುದ್ದಿ. ಯಾರ ಮನೆಯಲ್ಲಿ ಹೆರಿಗೆ ಆಯಿತು, ಯಾರಿಗೆ ಪಾಳಿ ಬದಲಾಯಿತು, ಮಕ್ಕಳು ಈ ವಾರ ಏನು ಕಲಿಯುತ್ತಿವೆ, ಎಲ್ಲ ಒಂದೇ ಉಸಿರಿನಲ್ಲಿ.

ಮೇಷ್ಟ್ರ ಪಾಠದ್ದೊಂದು ವಿಶೇಷವಿತ್ತು. ಅದು ಶನಿವಾರ ಯಾವತ್ತೂ ಮುಗಿಯುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ. ಪಾಠ ಇನ್ನೇನು ರಂಗೇರಬೇಕು, ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಬಾಗಿಲ ಕಡೆ ನೋಡಿ, ‘ಅಯ್ಯಯ್ಯೋ, ರೈಲಿಗೆ ಹೊತ್ತಾಯ್ತು!’ ಅಂತ ಕೈಯಲ್ಲಿದ್ದ ಇದ್ದಿಲು ಕೆಳಗಿಡುತ್ತಿದ್ದರು. ಒಂದು ಸಲ ಕಥೆಯ ಪಾಠ. ಬಾಯಾರಿದ ಹುಲಿ ಹೊಳೆಗೆ ಇಳಿದಿದೆ, ಬಟ್ಟೆ ಒಗೆಯುವ ಮುದುಕಿ ತಲೆಯೆತ್ತಿ ನೋಡಿದ್ದಾಳೆ, ಹುಲಿಯೂ ಮುದುಕಿಯನ್ನು ನೋಡಿದೆ. ರೈಲಿಗೆ ಹೊತ್ತಾಯ್ತು! ನಾವು ಗೊಳೋ ಅಂದೆವು. ‘ಹೇಳಿ ಹೋಗಿ ಸಾರ್, ಮುದುಕಿ ಬದುಕಿದ್ಲಾ?’ ಅಂತ ಶಲ್ಯ ಹಿಡಿದು ಜಗ್ಗಿದರೂ ಅವರು ನಿಲ್ಲಲಿಲ್ಲ. ‘ಸೋಮವಾರ ಬಾ, ಅವಳನ್ನೇ ಕೇಳೋಣ’ ಅಂದರು. ಆ ಭಾನುವಾರ ನನ್ನ ಬಾಯಿಗೆ ಅನ್ನ ರುಚಿಸಲಿಲ್ಲ ಅಂದರೆ ನಂಬಿ. ಸೋಮವಾರ ಜ್ವರ ಬಂದ ಮಕ್ಕಳೂ ಕಂಬಳಿ ಹೊದ್ದು ಬಂದು ಕೂತಿದ್ದವು.

ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಶನಿವಾರವೇ ಬಂದುಬಿಟ್ಟರು. ಗೋಡೆಯ ಮೇಲೆ ಒಂದು ಲೆಕ್ಕ. ಒಬ್ಬ ತರೀಕೆರೆಯಿಂದ ಶಿವಮೊಗ್ಗಕ್ಕೆ ನಡೆದು ಹೊರಟಿದ್ದಾನೆ, ಇನ್ನೊಬ್ಬ ಶಿವಮೊಗ್ಗದಿಂದ ತರೀಕೆರೆಗೆ. ಒಬ್ಬನದು ಬಿರುಸು ನಡಿಗೆ, ಇನ್ನೊಬ್ಬನಿಗೆ ಕಾಲುನೋವು. ಇಬ್ಬರೂ ಎಲ್ಲಿ ಎದುರಾಗುತ್ತಾರೆ? ಅಷ್ಟರಲ್ಲಿ ಹೊತ್ತಾಯಿತು. ಸಾಹೇಬರು ಮುಖ ಗಂಟಿಕ್ಕಿಕೊಂಡರು. ‘ಏನ್ರೀ ಇದು, ವಾರದ ಪಾಠ ವಾರಕ್ಕೆ ಮುಗಿಸ್ಬೇಕು ಅಂತ ಗೊತ್ತಿಲ್ವಾ?’ ಅಂದರು. ಮೇಷ್ಟ್ರು ಕೈ ಕಟ್ಟಿಕೊಂಡು, ‘ಮುಗಿಸಿದ್ರೆ ಸೋಮವಾರ ಅರ್ಧ ಕ್ಲಾಸು ಬರಲ್ಲ ಸ್ವಾಮಿ. ಒಬ್ಬ ದನ ಕಾಯೋಕೆ, ಒಬ್ಬಳು ಮಗು ನೋಡೋಕೆ ಅಂತ ನಿಂತುಬಿಡ್ತಾರೆ’ ಅಂದರು. ಸಾಹೇಬರು ಬೈಯುತ್ತಲೇ ಹೋಗಿ ಜಟಕಾ ಹತ್ತಿದರು. ಜಟಕಾ ಹೊರಟಿತು, ನಿಂತಿತು. ಸಾಹೇಬರು ಇಳಿದು ವಾಪಸ್ಸು ಬಂದರು. ‘ಅವರಿಬ್ರೂ ಭದ್ರಾವತೀಲೇ ಸಿಗ್ತಾರೆ, ಅಲ್ವೇನ್ರೀ?’ ಅಂದರು. ಮೇಷ್ಟ್ರು ಮೂಗು ಉಜ್ಜಿಕೊಂಡು, ‘ಯೋಚನೆ ಮಾಡ್ತಾ ಇರಿ ಸ್ವಾಮಿ, ಸೋಮವಾರ ಹೇಳ್ತೀನಿ’ ಅಂದರು. ಅಬ್ಬಾ, ಎಂಥ ಧೈರ್ಯ! ಮಂಗಳವಾರ ಸಾಹೇಬರ ಜವಾನ ಶಿವಮೊಗ್ಗದಿಂದ ಬಂದು ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತ. ‘ಸಾಹೇಬ್ರು ಕೇಳ್ಕೊಂಡು ಬಾ ಅಂದ್ರು’ ಅಂದ. ನಾವು ನಕ್ಕದ್ದು ಕುಲುಮೆಯವರೆಗೂ ಕೇಳಿಸಿರಬೇಕು.

ಇಷ್ಟು ನಗುತ್ತ ಹೇಳುತ್ತಿದ್ದೇನೆ. ಆದರೆ ಶನಿವಾರ ಮುಗಿಯದ ಆ ಪಾಠದ ಮೇಲೆ ನನ್ನ ಬದುಕು ನಿಂತಿತ್ತು ಅಂತ ಆಗ ನನಗೆ ಅರೆಬರೆ ಮಾತ್ರ ಗೊತ್ತಿತ್ತು.

ನಮ್ಮಪ್ಪ ಗೋಪಾಳದವನು. ಆಗ ಗೋಪಾಳ ಶಿವಮೊಗ್ಗದ ಹೊರಗಿನ ಹಳ್ಳಿ. ಅಲ್ಲಿ ಇದ್ದ ತುಂಡು ಗದ್ದೆ ದೊಡ್ಡಪ್ಪನಿಗೆ ಸಾಲುತ್ತಿತ್ತು, ಇಬ್ಬರಿಗೆ ಸಾಲುತ್ತಿರಲಿಲ್ಲ. ಅಪ್ಪ ಭದ್ರಾವತಿಗೆ ಬಂದು ಕುಲುಮೆಯ ಕೆಲಸಕ್ಕೆ ಸೇರಿದ. ಅಜ್ಜಿ ದೊಡ್ಡಪ್ಪನ ಜೊತೆ ಉಳಿದಳು. ಸಾಯುವವರೆಗೂ ಅವಳು ನಮ್ಮೂರನ್ನು ಹಳೇ ಹೆಸರಿನಲ್ಲಿ ಬೆಂಕಿಪುರ ಅಂತಲೇ ಕರೆದಳು. ನಾನು ಮೂರನೇ ಕ್ಲಾಸಿಗೆ ಬಂದ ವರ್ಷ ಅಜ್ಜಿ ಹಟ ಹಿಡಿದಳು: ‘ಹುಡುಗೀನ ಇಲ್ಲಿಗೆ ಕಳಿಸು. ಕೊಟ್ಟಿಗೆ ಕೆಲಸಕ್ಕೆ ನಂಗೊಂದು ಕೈ ಆಗುತ್ತೆ. ಎರಡು ವರ್ಷ ಇದ್ರೆ ಇಲ್ಲೇ ಗಂಡೂ ನೋಡಬಹುದು.’ ಅಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹೆಸರು ಓದಲು ಬಂತು, ಕೂಡಿ ಕಳೆಯಲು ಬಂತು, ಹೆಣ್ಣುಮಗುವಿಗೆ ಇನ್ನೇನು ಬೇಕು ಅಂದ. ಕೆಟ್ಟ ಮನುಷ್ಯ ಅಂತ ತಿಳಿಯಬೇಡಿ. ನಮ್ಮ ಲೈನಿನಲ್ಲಿ ಯಾವ ಅಪ್ಪನನ್ನು ಕೇಳಿದ್ದರೂ ಇದೇ ಮಾತು ಬರುತ್ತಿತ್ತು. ನಾನು ಮೂಲೆಯಲ್ಲಿ ಕೂತು ಅತ್ತೆ. ಅಮ್ಮ ಒಲೆಯ ಮುಂದೆ ಕೂತು ಬೆಂಕಿ ಊದುತ್ತಿದ್ದಳು.

ಅಪ್ಪ ಒಂದು ಶನಿವಾರ ಪಾಳಿ ಮುಗಿಸಿ ನೆಟ್ಟಗೆ ಶಾಲೆಗೆ ಬಂದ. ‘ಮೇಷ್ಟ್ರೇ, ಇವಳ ಹೆಸರು ಹೊಡೆದುಹಾಕಿ. ಊರಿಗೆ ಕಳಿಸ್ತಾ ಇದೀನಿ’ ಅಂದ.

ಬೇರೆ ಮೇಷ್ಟ್ರಾಗಿದ್ದರೆ ವಿದ್ಯೆಯ ಮಹತ್ವದ ಮೇಲೆ ಭಾಷಣ ಬಿಗಿಯುತ್ತಿದ್ದರು. ಅಪ್ಪ ಕೇಳಿ, ಕೈಮುಗಿದು, ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ನಮ್ಮ ಮೇಷ್ಟ್ರು ವಾದಕ್ಕೇ ಇಳಿಯಲಿಲ್ಲ. ‘ಆಗಲಿ ಯಜಮಾನ್ರೇ, ಮಗಳು ನಿಮ್ಮವಳು’ ಅಂದರು. ಆಮೇಲೆ ಗೋಡೆ ತೋರಿಸಿದರು. ಅಲ್ಲಿ ಮುಕ್ಕಾಲಿಗೆ ಅರೆ ಕೂಡಿಸುವ ಲೆಕ್ಕ ಅರ್ಧಕ್ಕೆ ನಿಂತಿತ್ತು. ‘ನೋಡಿ, ಈ ವಾರದ ಪಾಠ ಇನ್ನೂ ಬಾಕಿ ಇದೆ. ನೀವು ಕುಲುಮೆಯಿಂದ ಕಬ್ಬಿಣ ಇಳಿಸೋವಾಗ ಅರ್ಧಕ್ಕೆ ಬಿಟ್ಟು ಮನೆಗೆ ಬರ್ತೀರಾ?’

‘ಅದು ಹ್ಯಾಗಾಗುತ್ತೆ? ಇಳಿಸೋಕೆ ಶುರುಮಾಡಿದ ಮೇಲೆ ಮುಗಿಸಲೇಬೇಕು’ ಅಂದ ಅಪ್ಪ.

‘ಇದೂ ಅಷ್ಟೇ. ಇದೊಂದು ಮುಗೀಲಿ, ಆಮೇಲೆ ಕರ್ಕೊಂಡು ಹೋಗಿ.’

ಅಪ್ಪನಿಗೆ ಅದು ಒಪ್ಪಿಗೆಯಾಯಿತು. ಹಿಡಿದ ಕೆಲಸ ನಡುವೆ ಬಿಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮುಂದಿನ ಶನಿವಾರ ಬಂದ. ಆ ಲೆಕ್ಕಕ್ಕೆ ಸುಣ್ಣ ಬಿದ್ದಿತ್ತು, ಆದರೆ ಅದರ ಮೇಲೆ ಬುಧವಾರ ಶುರುವಾದ ಸೇರು, ಪಾವು, ಚಟಾಕಿನ ಅಳತೆಯ ಪಾಠ ಅರ್ಧಕ್ಕೆ ನಿಂತಿತ್ತು. ಅದರ ಮುಂದಿನ ಶನಿವಾರ ಬಂದ. ಗೋಡೆಯ ಮೇಲೆ ಬರೆದ ಬೀಜ ಮೊಳಕೆಯೊಡೆದಿತ್ತು, ಎಲೆ ಇನ್ನೂ ಬಂದಿರಲಿಲ್ಲ. ಅಪ್ಪ ಗೋಡೆ ನೋಡುವುದು, ತಲೆ ಕೆರೆದುಕೊಳ್ಳುವುದು, ‘ಸರಿ, ಮುಂದಿನ ವಾರ’ ಅನ್ನುವುದು. ಮೇಷ್ಟ್ರು, ‘ಅಯ್ಯಯ್ಯೋ, ರೈಲಿಗೆ ಹೊತ್ತಾಯ್ತು’ ಅಂತ ಶಲ್ಯ ಕೊಡವಿ ಓಡುವುದು. ಹೀಗೆ ಮಳೆಗಾಲ ಕಳೆದು ಚಳಿ ಬಂತು. ಪ್ರತಿ ಶನಿವಾರ ನನಗೆ ಒಂದೇ ದಿಗಿಲು. ಈ ಸಲ ಮುಗಿದೇಹೋದರೆ?

ಆಮೇಲೆ ಭೂಗೋಳದ ಪಾಠ ಬಂತು. ಮೇಷ್ಟ್ರು ಗೋಡೆಯ ಉದ್ದಕ್ಕೂ ನಮ್ಮ ಭದ್ರಾ ಹೊಳೆಯನ್ನು ಬರೆಯಲು ಶುರುಮಾಡಿದರು. ಘಟ್ಟದಲ್ಲಿ ಹುಟ್ಟಿತು, ಕಾಡಿನಲ್ಲಿ ಹರಿಯಿತು, ಬಂದು ಬಂದು ನಮ್ಮ ಕಾರ್ಖಾನೆಯ ಪಕ್ಕಕ್ಕೆ ಬಂತು. ನಾವು ದಿನಾ ನೋಡುವ ನೀರು ಗೋಡೆಯ ಮೇಲೆ ಹರಿಯುವುದನ್ನು ಕಂಡು ನಮಗೆಲ್ಲ ಒಂಥರಾ ಹೆಮ್ಮೆ. ಕಾರ್ಖಾನೆ ದಾಟಿ ನಾಲ್ಕು ಬೆರಳಷ್ಟು ಮುಂದೆ ಹೋಗುವಷ್ಟರಲ್ಲಿ ಶನಿವಾರ ಬಂತು, ರೈಲಿಗೂ ಹೊತ್ತಾಯಿತು.

ಆ ಶನಿವಾರ ಅಪ್ಪನಿಗೆ ಸ್ಟೇಷನ್ನಿನಲ್ಲಿ ಕೆಲಸವಿತ್ತು. ಗೋಪಾಳಕ್ಕೆ ಹೋಗುವವರೊಬ್ಬರ ಕೈಯಲ್ಲಿ ಅಜ್ಜಿಗೆ ಒಂದು ಬಾಣಲೆ ಕಳಿಸಬೇಕಿತ್ತು. ನನ್ನನ್ನೂ ಕರೆದುಕೊಂಡು ಹೋದ. ಮೇಷ್ಟ್ರು ಶಾಲೆಯಿಂದ ಓಡಿಹೋಗಿ ಬಹಳ ಹೊತ್ತಾಗಿತ್ತು. ಸ್ಟೇಷನ್ನಿಗೆ ಹೋಗಿ ನೋಡುತ್ತೇವೆ, ಹುಣಸೇಮರದ ಕೆಳಗೆ ಬೆಂಚಿನ ಮೇಲೆ ಮಹಾರಾಯರು ಕಾಲು ಚಾಚಿ ಕೂತಿದ್ದಾರೆ! ಮಡಿಲಲ್ಲಿ ಕಡಲೇಕಾಯಿ ಪೊಟ್ಟಣ. ಒಂದೊಂದೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ ಏನೋ ಗುನುಗುತ್ತಿದ್ದಾರೆ. ರೈಲಿನ ಸುಳಿವೇ ಇಲ್ಲ. ಅಪ್ಪ ಕೂಲಿಯವನನ್ನು ಕೇಳಿದ. ‘ರೈಲಾ? ಅದು ಬರೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ. ಮೇಷ್ಟ್ರು ಶನಿವಾರ ಶನಿವಾರ ಹಿಂಗೇ ಬಂದು ಕೂತಿರ್ತಾರೆ’ ಅಂದ ಅವನು.

ಅಪ್ಪ ನೆಟ್ಟಗೆ ಬೆಂಚಿನ ಹತ್ತಿರ ಹೋದ. ‘ಏನ್ ಮೇಷ್ಟ್ರೇ, ರೈಲು ತಪ್ಪಿಹೋಯ್ತಾ?’

ಮೇಷ್ಟ್ರು ಎದ್ದು ನಿಂತರು. ಕಡಲೇಕಾಯಿ ಸಿಪ್ಪೆಯೆಲ್ಲ ಕೆಳಗೆ ಚೆಲ್ಲಿತು. ‘ಇಲ್ಲ ಯಜಮಾನ್ರೇ. ಇನ್ನೂ ಬರಬೇಕು.’

‘ಹಂಗಾದ್ರೆ ಹೊತ್ತಾಯ್ತು ಹೊತ್ತಾಯ್ತು ಅಂತ ಓಡೋದ್ಯಾಕೆ?’

ಬೇರೆ ಯಾರಾದರೂ ಆಗಿದ್ದರೆ ಏನಾದರೊಂದು ಸುಳ್ಳು ಪೋಣಿಸುತ್ತಿದ್ದರು. ಮೇಷ್ಟ್ರು ಒಂದು ಕ್ಷಣ ಮೂಗು ಉಜ್ಜಿಕೊಂಡರು. ‘ಪಾಠ ಮುಗಿಸಿಬಿಟ್ರೆ ನೀವು ಇವಳನ್ನ ಕರ್ಕೊಂಡು ಹೋಗ್ತೀರಲ್ಲ, ಅದಕ್ಕೆ’ ಅಂದರು. ‘ಇವಳೊಬ್ಬಳೇ ಅಲ್ಲ. ಆ ಶೆಡ್ಡಲ್ಲಿ ಕೂತಿರೋ ಒಂದೊಂದು ಮಗೂಗೂ ಮನೇಲಿ ಒಂದೊಂದು ಕೆಲಸ ಕಾಯ್ತಾ ಇದೆ. ಬೇಡ ಅನ್ನೋಕೆ ನಾನ್ಯಾರು? ಒಂದೊಂದು ವಾರ ಮುಂದಕ್ಕೆ ಹಾಕ್ತಾ ಹೋಗ್ತೀನಿ. ನನ್ನ ಕೈಲಿ ಆಗೋದು ಅಷ್ಟೇ.’

‘ನನ್ನನ್ನ ಮಂಗ ಮಾಡಿದ್ರಲ್ರೀ!’ ಅಪ್ಪನ ಮುಖ ಕೆಂಡವಾಗಿತ್ತು. ‘ದೇವರಂಥ ಮೇಷ್ಟ್ರು ಅಂತ ನಂಬಿ ವಾರ ವಾರ ಬಂದು ಗೋಡೆ ನೋಡ್ಕೊಂಡು ಹೋದೆ. ಸಾಕು. ಸೋಮವಾರದಿಂದ ಇವಳು ಬರಲ್ಲ.’

ಮೇಷ್ಟ್ರು ಬಗ್ಗಿ, ಉಳಿದಿದ್ದ ಕಡಲೇಕಾಯಿಯನ್ನು ನನ್ನ ಲಂಗದ ಮಡಿಲಿಗೆ ಸುರಿದರು. ‘ಹೊಳೆ ಎಲ್ಲೀವರೆಗೆ ಬಂದಿತ್ತು ಮಗಾ?’ ಅಂತ ಮೆಲ್ಲಗೆ ಕೇಳಿದರು. ‘ಕಾರ್ಖಾನೆ ದಾಟಿ’ ಅಂದೆ. ‘ಹಾಂ. ಮರೀಬೇಡ’ ಅಂದರು. ಅಪ್ಪ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟ. ತಿರುಗಿ ನೋಡಿದರೆ ಮೇಷ್ಟ್ರು ಬೆಂಚಿನ ಪಕ್ಕ ಹಾಗೇ ನಿಂತಿದ್ದರು.

ಸೋಮವಾರ ಶಾಲೆಯ ಗಂಟೆ ಹೊಡೆಯಿತು. ನಾನು ಸೊಂಟದ ಮೇಲೆ ತಮ್ಮನನ್ನು ಹೊತ್ತು ಬಾಗಿಲಲ್ಲಿ ನಿಂತಿದ್ದೆ. ಆ ಗಂಟೆಯ ಸದ್ದು ಅಷ್ಟು ಸಂಕಟ ಕೊಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನನ್ನು ಕರೆದೊಯ್ಯಲು ಗೋಪಾಳದಿಂದ ಎತ್ತಿನಗಾಡಿ ಕಳಿಸುವುದಾಗಿ ಅಜ್ಜಿ ಹೇಳಿ ಕಳಿಸಿದ್ದಳು. ನಾನು ಒಲೆಯಿಂದ ಇದ್ದಿಲು ತೆಗೆದು ಜಗಲಿಯ ಮೇಲೆ ಹೊಳೆ ಬರೆಯುತ್ತ ಕೂತೆ. ಘಟ್ಟ, ಕಾಡು, ಕಾರ್ಖಾನೆ, ನಾಲ್ಕು ಬೆರಳು ಮುಂದೆ. ಅಲ್ಲಿಗೆ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ ತಿದ್ದುತ್ತಿದ್ದೆ. ‘ಸಾರಿಸಿದ ನೆಲ ಎಲ್ಲಾ ಮಸಿ ಮಾಡಿದ್ಯಲ್ಲೇ ಮಾರಾಯ್ತಿ’ ಅಂತ ಅಮ್ಮ ಗೊಣಗಿದಳು, ಆದರೆ ಒರೆಸಲಿಲ್ಲ.

ವಾರದ ನಡುವೆ ಒಂದು ಮಧ್ಯಾಹ್ನ ಅಪ್ಪ ಪಾಳಿ ಮುಗಿಸಿ ಬಂದವನು ಜಗಲಿ ಹತ್ತುತ್ತ ನಿಂತ. ‘ಇದೇನೇ, ಹಾವಾ?’

‘ಹಾವಲ್ಲ, ಭದ್ರಾ ಹೊಳೆ. ಕಳೆದ ವಾರದ ಪಾಠ’ ಅಂದೆ, ಮುಖ ಎತ್ತದೆ.

ಅಪ್ಪ ಕುಕ್ಕರಗಾಲಲ್ಲಿ ಕೂತ. ‘ಇಲ್ಯಾಕೆ ನಿಲ್ಲಿಸಿದೀಯ? ಹೊಳೆ ಇಲ್ಲಿ ನಿಲ್ಲುತ್ತಾ?’

‘ಮೇಷ್ಟ್ರು ಅಲ್ಲೀವರೆಗೇ ಹೇಳಿದ್ದು.’

‘ಕೊಡು ಇಲ್ಲಿ.’ ನನ್ನ ಕೈಯಿಂದ ಇದ್ದಿಲು ಕಿತ್ತುಕೊಂಡ. ಅಪ್ಪ ಇದ್ದಿಲು ಹಿಡಿದು ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಗೆರೆ ಎಳೆದ. ‘ಇದು ನಮ್ಮೂರ ತುಂಗೆ. ಇದು ನಿನ್ನ ಭದ್ರೆ. ಕೂಡ್ಲೀಲಿ ಎರಡೂ ಸೇರ್ತವೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಹೋಗಿ ಅಲ್ಲಿ ಮುಳುಗಿ ಬಂದಿದೀನಿ.’ ಎರಡು ಗೆರೆಯನ್ನೂ ಕೂಡಿಸಿ ದಪ್ಪಗೆ ಒಂದು ಚುಕ್ಕೆ ಇಟ್ಟ. ಗೆದ್ದವನ ಹಾಗೆ ನನ್ನ ಮುಖ ನೋಡಿದ.

‘ಆಮೇಲೆ?’ ಅಂದೆ.

‘ಆಮೇಲೆ... ಹೊನ್ನಾಳಿ ಕಡೆ ಹೋಗುತ್ತೆ.’

‘ಆಮೇಲೆ?’

ಅಪ್ಪ ಇದ್ದಿಲು ಕೆಳಗಿಟ್ಟ. ಹೊಳೆಯ ನೀರಿನಲ್ಲಿ ಮಿಂದು, ಹೊಳೆಯ ನೀರು ಕುಡಿದು ಬೆಳೆದವನು. ಆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಅವನನ್ನು ಕೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಅಮ್ಮನನ್ನು ಕೇಳಿದ. ‘ನಂಗೇನು ಗೊತ್ತು, ಎಲ್ಲಾದ್ರೂ ಹೋಗುತ್ತೆ’ ಅಂದಳು ಅವಳು. ಪಕ್ಕದ ಮನೆಯ ತೆಲುಗಿನವರನ್ನು ಕೇಳಿದ. ‘ಮಾ ಊರಲ್ಲಿ ಕೃಷ್ಣಾ ನದಿ, ನಿಮ್ಮದು ತೆಲಿಯದು’ ಅಂದರು ಅವರು. ಊಟಕ್ಕೆ ಕೂತಾಗಲೂ ಅಪ್ಪನ ಕಣ್ಣು ಜಗಲಿಯ ಮೇಲೇ ಇತ್ತು. ಎರಡು ದಿನ ಹೀಗೇ ಕಳೆಯಿತು. ಶನಿವಾರ ಬೆಳಿಗ್ಗೆ, ‘ಲಂಗ ಬದಲಾಯ್ಸು’ ಅಂದ. ಅಷ್ಟೇ. ಎಲ್ಲಿಗೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಗೋಪಾಳಕ್ಕೇ ಅಂದುಕೊಂಡು ಕಣ್ಣೊರೆಸಿಕೊಳ್ಳುತ್ತ ಹಿಂದೆ ಹೋದೆ. ಅಪ್ಪ ಶಾಲೆಯ ಕಡೆ ತಿರುಗಿದ.

ಗೋಡೆಯ ಮೇಲೆ ಹೊಳೆ ಹಾಗೇ ಇತ್ತು. ಕಾರ್ಖಾನೆ ದಾಟಿ ನಾಲ್ಕು ಬೆರಳು. ವಾರವಿಡೀ ಮೇಷ್ಟ್ರು ಮಕ್ಕಳಿಗೆ ಮಗ್ಗಿ ಹೇಳಿಸಿದ್ದರಂತೆ, ಗೋಡೆ ಮುಟ್ಟಿರಲಿಲ್ಲ. ನನ್ನನ್ನು ಕಂಡು ಅವರು ಆಹಾ ಅನ್ನಲಿಲ್ಲ, ಓಹೋ ಅನ್ನಲಿಲ್ಲ. ಇದ್ದಿಲು ಎತ್ತಿಕೊಂಡು, ‘ಎಲ್ಲಿದ್ವಿ?’ ಅಂದರು. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ. ಅಪ್ಪ ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಕಿಟಕಿಯ ಹೊರಗೆ ನಿಂತ. ಮೇಷ್ಟ್ರು ಅತ್ತ ನೋಡಲಿಲ್ಲ, ಆದರೆ ದನಿ ಸ್ವಲ್ಪ ಎತ್ತರಿಸಿದರು.

ಆ ದಿನ ಹೊಳೆ ಕೂಡ್ಲಿ ಮುಟ್ಟಿತು, ಹೊನ್ನಾಳಿ ದಾಟಿತು, ಹರಿಹರ ದಾಟಿತು. ನಾವೆಲ್ಲ ರೈಲಿಗೆ ಹೊತ್ತಾಯ್ತು ಅನ್ನುವ ಮಾತಿಗೆ ಕಾಯುತ್ತಿದ್ದೆವು. ಬರಲಿಲ್ಲ. ಹೊಳೆ ಹಂಪೆಯ ಬಂಡೆಗಳ ನಡುವೆ ನುಗ್ಗಿತು. ಶಾಲೆ ಬಿಡುವ ಹೊತ್ತು ಮೀರಿತು, ಯಾರೂ ಏಳಲಿಲ್ಲ. ಕಿಟಕಿಯಿಂದ ಅಪ್ಪ, ‘ಅಲ್ಲಿ ಬೇಸಿಗೇಲಿ ನೀರಿರುತ್ತಾ ಮೇಷ್ಟ್ರೇ?’ ಅಂತ ಕೇಳಿದ. ಮೇಷ್ಟ್ರು ಅದಕ್ಕೂ ನಿಂತು ಉತ್ತರ ಹೇಳಿದರು. ಅಪ್ಪ ಇನ್ನೊಂದು ಕೇಳಿದ, ಅದಕ್ಕೂ ಹೇಳಿದರು. ಗೋಡೆ ಸಾಲದೆ ಹೊಳೆ ಮೂಲೆಯಲ್ಲಿ ತಿರುಗಿ ಪಕ್ಕದ ಗೋಡೆ ಹತ್ತಿತು. ಕರ್ನೂಲು ದಾಟಿ ಕೃಷ್ಣೆಯನ್ನು ಸೇರಿತು. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಶಿಳ್ಳೆ ಕೇಳಿಸಿತು. ಮಕ್ಕಳೆಲ್ಲ ಒಟ್ಟಿಗೆ, ‘ಸಾರ್, ರೈಲು!’ ಅಂತ ಕೂಗಿದೆವು. ‘ಹೋಗಲಿ ಬಿಡ್ರೋ’ ಅಂದರು. ಹೊಳೆಯನ್ನು ತೆಲುಗು ಸೀಮೆಯುದ್ದಕ್ಕೂ ಹರಿಸಿ, ಸಮುದ್ರಕ್ಕೆ ಮುಟ್ಟಿಸಿ, ಇದ್ದಿಲು ಕೆಳಗಿಟ್ಟರು. ಮುಖವೆಲ್ಲ ಮಸಿ. ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಆಮೇಲೆ ಕಿಟಕಿಯ ಹತ್ತಿರ ಹೋಗಿ, ‘ಮುಗೀತು ಯಜಮಾನ್ರೇ. ಬಾಕಿ ಏನೂ ಇಲ್ಲ. ಇನ್ನು ನಿಮ್ಮಿಷ್ಟ’ ಅಂದರು.

ಅಪ್ಪ ಗೋಡೆ ನೋಡಿದ, ನನ್ನನ್ನು ನೋಡಿದ. ‘ನೋಡೋಣ’ ಅಂದ. ಆಮೇಲೆ, ‘ಸಂಜೇವರೆಗೆ ನಿಮಗೆ ರೈಲಿಲ್ಲ. ಬನ್ನಿ, ಮಜ್ಜಿಗೆ ಕುಡಿದು ಹೋಗುವಿರಂತೆ’ ಅಂದ. ದಾರಿಯಲ್ಲಿ ಪಕ್ಕದ ಮನೆಯ ತೆಲುಗಿನವರು ಸಿಕ್ಕರು. ಅಪ್ಪ ಅವರ ಹೆಗಲು ಹಿಡಿದು ನಿಲ್ಲಿಸಿ, ‘ನಮ್ಮ ಹೊಳೆ ನೀರು ನಿಮ್ಮೂರಿಗೇ ಬರುತ್ತಂತೆ ಕಣಯ್ಯಾ! ನಾವಿಲ್ಲಿ ಕಾಲು ತೊಳೆದ ನೀರು!’ ಅಂದ. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಹೆಚ್ಚು ಸಲ ಕೇಳಿಲ್ಲ.

ಗೋಪಾಳಕ್ಕೆ ಹೇಳಿ ಕಳಿಸಿದ, ಗಾಡಿ ಈಗ ಬೇಡ, ಮುಂದೆ ನೋಡೋಣ ಅಂತ. ಬಿಡಿಸುವುದಿಲ್ಲ ಅಂತ ಮಾತ್ರ ಅವನ ಬಾಯಿಂದ ಬರಲಿಲ್ಲ. ಮೇಷ್ಟ್ರು ಮತ್ತೆ ಶನಿವಾರ ಪಾಠ ಅರ್ಧಕ್ಕೇ ನಿಲ್ಲಿಸಿದರು. ಅಪ್ಪ ಮತ್ತೆ ಶನಿವಾರ ಬಂದು ಗೋಡೆ ನೋಡಿದ. ಇಬ್ಬರಿಗೂ ಎಲ್ಲ ಗೊತ್ತು. ಆದರೂ ಒಬ್ಬರು, ‘ರೈಲಿಗೆ ಹೊತ್ತಾಯ್ತು’ ಅನ್ನುವುದು, ಇನ್ನೊಬ್ಬ, ‘ಹೋಗಿ ಹೋಗಿ, ತಪ್ಪಿಹೋದೀತು’ ಅನ್ನುವುದು.

ಆ ಬೇಸಿಗೆ ಕಳೆದು ನಾನು ನಾಲ್ಕನೇ ಕ್ಲಾಸಿಗೆ ಬಂದೆ. ಮಳೆ ಹಿಡಿದ ಮೇಲೆ ಮೇಷ್ಟ್ರಿಗೆ ಜ್ವರ ಶುರುವಾಯಿತು. ಚಳಿಗೆ ನಡುಗುತ್ತ ರೈಲಿಳಿದು ಬರುತ್ತಿದ್ದರು. ‘ಮನೇಲಿರಬಾರದಾ ಸಾರ್’ ಅಂದರೆ, ‘ಈ ವಾರದ್ದು ಬಾಕಿ ಇದೆಯಲ್ಲ’ ಅನ್ನುತ್ತಿದ್ದರು. ಒಂದು ಸೋಮವಾರ ರೈಲು ಬಂತು, ಅವರು ಇಳಿಯಲಿಲ್ಲ. ನಾವು ಶೆಡ್ಡಿನಲ್ಲಿ ಕೂತೇ ಇದ್ದೆವು. ಮಧ್ಯಾಹ್ನ ಯಾರೋ ಬಂದು ಹೇಳಿದರು, ಭಾನುವಾರವೇ ಶಿವಮೊಗ್ಗದಲ್ಲಿ ಎಲ್ಲ ಮುಗಿಯಿತಂತೆ. ನಾನು ಬಾಯಿಗೆ ಲಂಗದ ಅಂಚು ತುರುಕಿಕೊಂಡು ಅತ್ತೆ. ಅಪ್ಪ ಪಾಳಿ ಬಿಟ್ಟು ಬಂದು, ಶಾಲೆಯ ಬಾಗಿಲಲ್ಲಿ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಮೇಷ್ಟ್ರು ನನಗೆ ಕೊಟ್ಟದ್ದು ಪಾಠವನ್ನಷ್ಟೇ ಅಲ್ಲ. ಕೊಟ್ಟಿಗೆಗೆ ಹೋಗಬೇಕಾಗಿದ್ದ ನನ್ನ ಒಂದೊಂದು ವಾರವನ್ನೂ ಅಪ್ಪನ ಕೈಯಿಂದ ಬಿಡಿಸಿ ನನ್ನ ಕೈಗಿಟ್ಟರು. ಅಷ್ಟು ಪ್ರೀತಿಯ ಮೋಸವನ್ನು ನಾನು ಆಮೇಲೆ ಯಾರಲ್ಲೂ ಕಾಣಲಿಲ್ಲ.

ಹೊಸ ಮೇಷ್ಟ್ರು ಬಂದರು. ಚಿಕ್ಕ ವಯಸ್ಸು, ಚೊಕ್ಕ ಕೆಲಸ. ಹಲಗೆಯ ಸೀಳು ಮುಚ್ಚಿಸಿದರು, ಸೀಮೆಸುಣ್ಣ ತರಿಸಿದರು, ಗೋಡೆಗೆಲ್ಲ ಸುಣ್ಣ ಹೊಡೆಸಿದರು. ಮೊದಲನೇ ವಾರದ ಪಾಠವನ್ನು ಶನಿವಾರ ಗಂಟೆ ಹೊಡೆಯುವಷ್ಟರಲ್ಲಿ ಅಚ್ಚುಕಟ್ಟಾಗಿ ಮುಗಿಸಿ, ಹಲಗೆ ಒರೆಸಿ, ಕೈ ತೊಳೆದುಕೊಂಡರು. ಅವರ ತಪ್ಪೇನೂ ಇಲ್ಲ, ಪಾಪ. ಆದರೆ ಒರೆಸಿದ ಆ ಹಲಗೆಯ ಮೇಲೆ ನನಗಾಗಿ ಬಾಕಿ ಏನೂ ಉಳಿದಿರಲಿಲ್ಲ.

ಮನೆಗೆ ಬಂದರೆ ಬಾಗಿಲಲ್ಲಿ ಗೋಪಾಳದ ಗಾಡಿ ನಿಂತಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ. ‘ಮೇಷ್ಟ್ರು ತೀರ್ಕೊಂಡ್ರಂತಲ್ಲ, ಇನ್ನೇನು ತಕರಾರು? ಇವಳಜ್ಜಿ ಕರ್ಕೊಂಡೇ ಬಾ ಅಂದಿದಾಳೆ’ ಅಂದ. ಅಮ್ಮ ಒಳಗೆ ನನ್ನ ಬಟ್ಟೆ ಗಂಟು ಕಟ್ಟುತ್ತಿದ್ದಳೋ, ಕಟ್ಟಿದ್ದನ್ನು ಬಿಚ್ಚುತ್ತಿದ್ದಳೋ ಗೊತ್ತಾಗಲಿಲ್ಲ. ಅಪ್ಪ ಆಗಷ್ಟೇ ಪಾಳಿಯಿಂದ ಬಂದು ಕಾಲು ತೊಳೆಯುತ್ತಿದ್ದ. ಚೊಂಬು ಕೆಳಗಿಟ್ಟು ನನ್ನ ಕಡೆ ತಿರುಗಿದ.

‘ಈ ವಾರದ ಪಾಠ ಮುಗೀತಾ?’

ಇಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಪ್ಪನ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ‘ಮುಗೀತಪ್ಪ’ ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು.

ಅಪ್ಪ ಹೆಗಲ ಮೇಲಿನ ಬಟ್ಟೆಯಿಂದ ನಿಧಾನವಾಗಿ ಕೈ ಒರೆಸಿಕೊಂಡ. ಆಮೇಲೆ ದೊಡ್ಡಪ್ಪನಿಗೆ, ‘ಅಮ್ಮಂಗೆ ಹೇಳಿಬಿಡು ಅಣ್ಣ, ಹುಡುಗಿ ಬರಲ್ಲ. ಸೋಮವಾರ ಅವಳಿಗೆ ಸ್ಕೂಲಿದೆ’ ಅಂದ.

‘ಅಲ್ಲೋ, ಪಾಠ ಮುಗೀತು ಅಂತ ಅವಳೇ ಹೇಳ್ತಾ ಇದಾಳಲ್ಲೋ?’

‘ಮುಗಿದಿರೋದು ಈ ವಾರದ್ದು’ ಅಂದ ಅಪ್ಪ.